ಎರಡು ಸಲ ಚಿಲಕ

ಗುರುವಾರ, ಮಧ್ಯಾಹ್ನ

ಅಮ್ಮಾ,

ಎದುರಿಗೆ ನಿಂತರೆ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ಅಪ್ಪ ತಪ್ಪದೆ ನೋಡುವ ಟಿವಿಯ ಪತ್ತೇದಾರ ಇದ್ದಾನಲ್ಲ, ಮನೆ ಬಿಡುವಾಗ ಎರಡೆರಡು ಸಲ ಚಿಲಕ ಮುಟ್ಟಿ ನೋಡುವವನು, ಅವನ ಬಾಲ್ಯದ ಕಾದಂಬರಿ ಬರೆಯುವ ಕೆಲಸ ಸಿಕ್ಕಿದೆ ಎಂದಿದ್ದೆ. ಆ ಚಿಲಕದ ಚಟಕ್ಕೆ ಧಾರಾವಾಹಿಯಲ್ಲಿ ಕಾರಣವೇ ಹೇಳಿಲ್ಲ. ನೀವೇ ಒಂದು ಹುಟ್ಟಿಸಿ ಎಂದರು ಚಾನೆಲ್‌ನವರು. ನಾನು ಹುಟ್ಟಿಸಲಿಲ್ಲ. ನಮ್ಮ ಮನೆಯದನ್ನೇ ಎತ್ತಿ ಕೊಟ್ಟೆ.

ಒಂಬತ್ತು ವರ್ಷದ ಹುಡುಗ. ಬೇರೆಯವರ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಮ್ಮ. ಹಿಂದಿನ ಕೋಣೆಯಲ್ಲಿ ಬಟ್ಟೆ ಕುದಿಸುವ ಹಂಡೆ. ಆ ಬಾಗಿಲಿಗೆ ಚಿಲಕ ಹಾಕದೆ ಬರುತ್ತಾನೆ ಹುಡುಗ. ತಂಗಿ ಆಗಷ್ಟೇ ನಡೆಯಲು ಕಲಿತಿದ್ದಾಳೆ. ಮುಂದಿನದು ನಿನಗೆ ಗೊತ್ತು. ಪುಸ್ತಕದಲ್ಲೂ ಒಂದೇ ಸಾಲಿನಲ್ಲಿ ಮುಗಿಸಿದ್ದೇನೆ.

ಸಂಪಾದಕಿ ಫೋನ್ ಮಾಡಿದರು. ಒಳ್ಳೆಯ ಹೆಂಗಸು, ನಯವಾಗಿಯೇ ಹೇಳಿದರು: “ಹೀರೋ ಕೈಯಿಂದ ಮಗು ಸತ್ರೆ ಜನ ಒಪ್ಪಲ್ಲ ಮೇಡಂ. ಅಮ್ಮ ಮರೆತಳು ಅಂತ ಮಾಡ್ಬಿಡಿ.” ಒಂದು ಸಾಲು ತಾನೇ ಎಂದು ಹೂಂಗುಟ್ಟಿದೆ, ಬರೆದೂ ಬಿಟ್ಟೆ. ಅದೆಷ್ಟು ಸಲೀಸಾಗಿ ಬಂತೆಂದರೆ, ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮೂವತ್ತೊಂದು ವರ್ಷ ನಾನು ಬಾಯಿ ಮುಚ್ಚಿಕೊಂಡು ಹೇಳುತ್ತಾ ಬಂದದ್ದೂ ಅದೇ ಸಾಲಲ್ಲವೇ?

ತಂಗಿ ಹೋದ ದಿನವೇ ಅಪ್ಪ ನಿನ್ನೊಡನೆ ಮಾತು ಬಿಟ್ಟರು. ಉಪ್ಪು ಬೇಕಾದರೂ ನನ್ನ ಕಡೆ ತಿರುಗಿ ಕೇಳುತ್ತಿದ್ದರು, ನಾನು ಎದ್ದು ಕೊಡುತ್ತಿದ್ದೆ. ಈಗ ಹಾಸಿಗೆ ಹಿಡಿದ ಮೇಲೂ, ನೀನು ತುತ್ತಿಟ್ಟರೆ ಗೋಡೆ ನೋಡುತ್ತಾ ನುಂಗುತ್ತಾರಂತೆ. ಮೊದಮೊದಲು ನಿಜ ಹೇಳಲು ನನಗೆ ಹೆದರಿಕೆಯಿತ್ತು ಅಮ್ಮ. ಆಮೇಲೆ ಹೇಳದಿರುವುದೇ ರೂಢಿಯಾಯಿತು.

ಇವತ್ತು ಆ ಕೆಲಸ ಬಿಟ್ಟೆ. ಮೊದಲು ಬರೆದ ಅಧ್ಯಾಯವನ್ನು ಅಪ್ಪನ ಹೆಸರಿಗೆ ಅಂಚೆಗೆ ಹಾಕಿದ್ದೇನೆ. ‘ಹುಡುಗ’ ಎಂದಿದ್ದ ಕಡೆಯೆಲ್ಲ ಪೆನ್ನಿನಲ್ಲಿ ಹೊಡೆದು ‘ನಾನು’ ಎಂದು ತಿದ್ದಿದ್ದೇನೆ. ಲಕೋಟೆ ಬರುವುದು ನಿನ್ನ ಕೈಗೇ. ದಯವಿಟ್ಟು ಬಚ್ಚಿಡಬೇಡ.

ನಿನ್ನ ದೊಡ್ಡವಳು

ತಾ.ಕ.: ಒಂದು ಸಂಗತಿ ಮಾತ್ರ ಅದರಲ್ಲಿ ಬರೆದಿಲ್ಲ. ಅವತ್ತು ಗೊಂಬೆಯ ಲಂಗ ಒಣಹಾಕಲೆಂದು ಆ ಕೋಣೆಯಿಂದ ಬಟ್ಟೆ ಕ್ಲಿಪ್ಪೊಂದನ್ನು ತಂದಿದ್ದೆ. ಅಪ್ಪ ಓಡಿ ಬರುವ ಮೊದಲೇ ನೀನು ನನ್ನ ಮುಷ್ಟಿ ಬಿಡಿಸಿ, ಅದನ್ನು ತೆಗೆದು ಹಗ್ಗಕ್ಕೆ ಸಿಕ್ಕಿಸಿದೆ. ಆಮೇಲೆ ನೀನೇ ಅಪ್ಪನಿಗೆ, “ಚಿಲಕ ನಾನೇ ಮರೆತೆ” ಅಂದೆ. ನಿನಗೆ ಗೊತ್ತಿತ್ತೆಂದು ನನಗೆ ಅವತ್ತೇ ಗೊತ್ತಿತ್ತು ಅಮ್ಮ.