ಬಾಗಿಲಿಗಿಂತ ದೊಡ್ಡ ಮನೆ

ಫೆಬ್ರವರಿ ೧೨, ಗುರುವಾರ

ರಟ್ಟಿನ ಮನೆ ಇನ್ನೂ ನಮ್ಮ ತರಗತಿಯಲ್ಲೇ ಇದೆ. ಬಾಗಿಲಲ್ಲಿ ತೂರುವುದೇ ಇಲ್ಲ! ರೇಖಾಗಣಿತದ ಪ್ರಾಜೆಕ್ಟ್ ಎಂದು ನಾಲ್ಕನೇ ಕ್ಲಾಸಿನ ಮಕ್ಕಳು ಅದರ ಗೋಡೆ, ಮೂಲೆ, ಸೂರು ಎಲ್ಲವನ್ನೂ ಅಳೆದಳೆದು ಕಟ್ಟಿದರು. ತರಗತಿಯ ಬಾಗಿಲನ್ನು ಅಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ. ನಾಳೆ ಸಭಾಂಗಣದಲ್ಲಿ ಪ್ರದರ್ಶನ.

"ಅರ್ಧಕ್ಕೆ ಕತ್ತರಿಸಿಬಿಡಿ, ಅಲ್ಲಿ ಹೋಗಿ ಅಂಟಿಸಿದ್ರಾಯ್ತು," ಎಂದರು ಹೆಡ್‌ಮಿಸ್. ಕತ್ತರಿ ಹಿಡಿದೆ. ಮಕ್ಕಳ ಮುಖ ನೋಡಿ ಕೈ ಬರಲಿಲ್ಲ.

ಕ್ಲಾಸಿನ ಬಾಯಿಬಡುಕಿ ರೇಗಿಯೇಬಿಟ್ಟಳು. "ಮಿಸ್, ಮನೇನ ಯಾರಾದ್ರೂ ಹೊತ್ಕೊಂಡು ಹೋಗ್ತಾರಾ? ನೋಡೋರೇ ಇಲ್ಲಿಗೆ ಬರ್ಲಿ!"

ಹೆಡ್‌ಮಿಸ್ ನಗು ತಡೆಯಲಾರದೆ, "ಸರಿ ತಾಯಿ, ನಿನ್ನಿಷ್ಟ," ಎಂದು ಹೊರಟುಹೋದರು.

ಮಕ್ಕಳೆಲ್ಲ ಹೋದ ಮೇಲೆ ಮಂಡಿಯೂರಿ ಒಳಗೆ ನುಸುಳಿ ಕೂತೆ. ಅಂಟಿನ ವಾಸನೆ. ತ್ರಿಕೋನದ ಕಿಟಕಿಯಿಂದ ಸಂಜೆಬಿಸಿಲು ನನ್ನ ಮಡಿಲಿಗೆ ಬಿತ್ತು. ನೋಡನೋಡುತ್ತ ಉದ್ದವಾಯಿತು, ವಾರೆಯಾಯಿತು, ಆದರೂ ತ್ರಿಕೋನವೇ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ಅಳಿಸಿದ್ದು ಅದನ್ನೇ. ಅದು ಇಷ್ಟು ಬೆಚ್ಚಗಿರುತ್ತದೆ ಎಂದು ಗೊತ್ತಿರಲಿಲ್ಲ.

ನಾಳೆ ಹೆಡ್‌ಮಿಸ್ ಕೂಡ ಮಂಡಿಯೂರಲೇಬೇಕು. ಬಿಸಿಲಿದ್ದರೆ ಅವರ ಮಡಿಲಲ್ಲೂ ಒಂದು…