ಕುಂಕುಮದ ಮೇಲೆ ಬಂದ ಅಪವಾದ

ಕೊಲಂಬಿಯಾ, ಮೇರಿಲ್ಯಾಂಡ್
೧೮ ಅಕ್ಟೋಬರ್ ೨೦೨೪, ಶುಕ್ರವಾರ ಸಾಯಂಕಾಲ

ವರೂ,

ಹೇಗಿದೀಯೇ? ಮಂಡಿನೋವು ಪರವಾಗಿಲ್ವಾ? ಬಾಣಂತಿ ಮಗಳಿಗೆ ನೀರು ಹಾಕೋ ಭರದಲ್ಲಿ ನೀನು ಜಾರಿಗೀರಿ ಬಿದ್ದೀಯಾ, ಅಲ್ಫರೆಟಾದಲ್ಲಿ ಯಾಮಿನಿ ಮನೆ ಬಾತ್‌ರೂಮ್ ಬರೀ ನುಣುಪು. ಮಗು ರಾತ್ರಿ ಮಲಗತ್ತಾ? ಈ ಕೋಪದಲ್ಲಿ ಕೂತು ಬರೆಯೋ ತಾಳ್ಮೆ ಇಲ್ಲ, ಅದಕ್ಕೇ ವಾಯ್ಸ್ ನೋಟಲ್ಲೇ ಕಾಗದ. ಅಡುಗೆ ಮಾಡ್ತಾ ಕೇಳು, ಆದ್ರೆ ಪೂರ್ತಿ ಕೇಳು.

ನಮ್ಮ ಲ್ಯಾಬಲ್ಲಿ ಆ ದೊಡ್ಡ ಸ್ಟೀಲ್ ಚೇಂಬರ್ ಇದೆಯಲ್ಲ, ಒಳಗಿನ ಗಾಳಿನೆಲ್ಲ ಪಂಪ್ ಹಾಕಿ ಎಳೆದುಬಿಡ್ತೀವಲ್ಲ, ಅದು ಹೋದ ವಾರದಿಂದ ಲೀಕ್. ಎಷ್ಟು ಎಳೆದ್ರೂ ಎಲ್ಲಿಂದಲೋ ಗಾಳಿ ನುಗ್ಗತ್ತೆ. ಆಯುಧಪೂಜೆ ದಿನ ಕ್ಲೀನ್ ಮಾಡಿ ಮುಚ್ಚಿದವನು ನಾನೇ. ಆಮೇಲೆ ಪಂಪಿಗೊಂದು ಬೊಟ್ಟು ಕುಂಕುಮ ಇಟ್ಟೆ, ಪ್ರತಿವರ್ಷದ ಹಾಗೆ. ಹೊರಗಡೆ ಕಣೇ, ಪಂಪಿನ ಹೊಟ್ಟೆ ಮೇಲೆ! ನಮ್ಮ ಮ್ಯಾನೇಜರ್ ಚಿರಾಗ್, ಜಯನಗರದ ಹುಡುಗ, ಹೊಸ ಕಾರು ತಗೊಂಡಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು, ಎಲ್ಲರೆದುರಿಗೆ ಏನಂದ ಗೊತ್ತಾ? "ಅಂಕಲ್, ನಿಮ್ಮ ಕುಂಕುಮ ಸೀಲ್ ಒಳಗೆ ಹೋಗಿದೆ. ಇನ್ಮೇಲೆ ಚೇಂಬರ್ ನೀವು ಮುಚ್ಚೋದು ಬೇಡ." ಆಫೀಸಲ್ಲಿ ಅಂಕಲ್! ಮುಚ್ಚೋದು ಬೇಡ ಅಂದ್ರೆ ನನಗಿನ್ನೇನು ಕೆಲಸ, ಹೊರಗೆ ನಿಂತು ಮಂಗಳಾರತಿ ಎತ್ಲಾ?

ಇವತ್ತು ಲೀಕ್ ಡಿಟೆಕ್ಟರ್ ಹಚ್ಚಿ ನಾನೇ ಹುಡುಕಿದೆ. ಹೊರಗಿಂದ ಒಂದೊಂದೇ ಜಾಯಿಂಟಿಗೆ ಸಣ್ಣಗೆ ಹೀಲಿಯಂ ಗ್ಯಾಸ್ ಬಿಡ್ತಾ ಹೋಗೋದು. ಸಂದಿ ಇದ್ದ ಕಡೆ ಅದು ಒಳಗೆ ನುಗ್ಗತ್ತೆ, ಮೆಷಿನ್ ಕಿರುಚಿಕೊಳ್ಳತ್ತೆ. ಹೀಲಿಯಂ ಮೇಲಕ್ಕೆ ಏರತ್ತೆ, ಕೆಳಗೆ ಬಿಟ್ರೆ ಮೇಲಿನ ಸಂದಿಗೆ ನುಗ್ಗಿ ದಾರಿ ತಪ್ಪಿಸತ್ತೆ, ಅದಕ್ಕೇ ಮೇಲಿಂದ ಶುರು ಮಾಡ್ಬೇಕು. ಚಿರಾಗ್ ಮಾತ್ರ "ಕೆಳಗೆ ಅಂಕಲ್, ಪಂಪಿನ ಹತ್ರ, ಕುಂಕುಮ ಇರೋ ಕಡೆ" ಅಂತ ಒಂದೇ ಸಮ. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಕಿರುಚಿದ್ದೆಲ್ಲಿ? ಮೇಲಿನ ಮುಚ್ಚಳದಲ್ಲಿ! ಪಂಪಿನ ಹತ್ರ ಗ್ಯಾಸ್ ಬಿಟ್ರೆ ಮೆಷಿನ್ ಉಸಿರೆತ್ತಲಿಲ್ಲ. ಬಿಚ್ಚಿ ನೋಡ್ತೀನಿ, ಸೀಲಿನ ರಬ್ಬರ್ ರಿಂಗ್ ಮೇಲೆ ಒಂದು ಕೂದಲು ಅಡ್ಡ ಬಿದ್ದಿದೆ. ತೆಗೆದು, ಒರೆಸಿ, ಮುಚ್ಚಿದೆ, ಲೀಕ್ ನಿಂತೇಹೋಯ್ತು. ಚಿರಾಗ್ ಮುಖ ಇಷ್ಟೇ ಇಷ್ಟಾಯ್ತು. "ಸಾರಿ" ಅಂದ. ಕುಂಕುಮಕ್ಕೂ ಹೇಳಪ್ಪ ಅಂದೆ.

ಯಾಮಿನಿಗೂ ಪಾಪೂಗೂ ನನ್ನ ಆಶೀರ್ವಾದ. ಅಳಿಯಂದ್ರನ್ನ ಕೇಳಿದೆ ಅನ್ನು.

ನಿನ್ನ,
ಕೇಶವಮೂರ್ತಿ

ತಾ.ಕ.: ತಡಿ ತಡಿ, ಆಫ್ ಮಾಡ್ಬೇಡ. ಆ ಕೂದಲು ಮೊಳದುದ್ದ ಇತ್ತು ಕಣೇ. ಬುಡ ಬೆಳ್ಳಗೆ, ತುದಿ ಗೋರಂಟಿ ಕೆಂಪು. ನನ್ನ ಕೆಲಸದ ಸ್ವೆಟರ್ ಹಾಕ್ಕೋಬೇಡ, ಹಾಕ್ಕೋಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ನೀನು ಹೋದ್ಮೇಲೆ ನಾನೂ ಅದನ್ನ ಒಗೆದಿಲ್ಲ, ದಿನಾ ಅದನ್ನೇ ಹಾಕ್ಕೊಂಡು ಹೋಗ್ತಿದೀನಿ. ಸೋಮವಾರ ಚಿರಾಗ್‌ಗೆ ನಾನೇ ಹೇಳ್ತೀನಿ, ತಪ್ಪು ಕುಂಕುಮದ್ದಲ್ಲ, ನಮ್ಮನೇದೇ ಅಂತ. ಮುಚ್ಚೋ ಕೆಲಸ ಕಿತ್ಕೊಂಡ್ರೆ ಕಿತ್ಕೊಳ್ಳಲಿ. ಸ್ವೆಟರ್ ಮಾತ್ರ ನೀನೇ ಬಂದು ಒಗಿ.