ಬಾರಿಸಬಾರದಿದ್ದ ಗಂಟೆ

ಗದಗ, ತೊಂಬತ್ತೊಂದನೆಯ ಕಟ್ಟೆ ವರ್ಷ,
ಎರಡನೆಯ ಬೇಸಿಗೆಯ ಮೂವತ್ತಾರನೆಯ ದಿನ, ಮಧ್ಯಾಹ್ನ

ನಮಗಿಂತ ಮೊದಲು ಹುಟ್ಟಿದ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು; ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ, ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಬಹಳ ಜನ ಅದನ್ನು ಸತ್ತ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಟ್ಟೆ ಹತ್ತಬೇಕು, ಕೂತಲ್ಲಿ ಕೂರಲಾಗುತ್ತಿಲ್ಲ.

ನನ್ನ ಹೆಸರು ನೀಲಗಂಗಾ. ತಂಗಿ ಬಸಲಿಂಗವ್ವ ಇಪ್ಪತ್ತಾರು ದಿನಗಳಿಂದ ಪಡಸಾಲೆಯಲ್ಲಿ ಉಸಿರುಮಂಚದ ಮೇಲಿದ್ದಾಳೆ. ಮಲಗಿದವರ ಎದೆಯನ್ನು ತಾನೇ ಏರಿಸಿ ಇಳಿಸುವ ಮಂಚ ಅದು. ಇನ್ನು ಕಣ್ಣು ಬಿಡುವುದಿಲ್ಲವೆಂದು ಮೂವರು ವೈದ್ಯರು ಬರೆದುಕೊಟ್ಟಿದ್ದಾರೆ. ಎಚ್ಚರವಿದ್ದಾಗ ಅವಳು ನನ್ನ ಕೈ ಹಿಡಿದು, “ಅಕ್ಕಾ, ನನ್ನ ಹಿಂಗ ಇಡಬ್ಯಾಡ, ಹೋಗಾಕ ಬಿಡು” ಅಂದಿದ್ದಳು. ಹೂಂ ಅಂದಿದ್ದೆ. ಮಂಚ ನಿಲ್ಲಿಸುವ ಹಕ್ಕು ಮನೆಯವರದೇ. ಆದರೆ ಅದಕ್ಕೆ ಮೊದಲು ಮಾತುಗಟ್ಟೆಯ ಮೇಲೆ ಒಂದು ತಾಸು ನಿಂತು ಓಣಿಯವರು ಹೇಳುವುದನ್ನೆಲ್ಲ ಕೇಳಬೇಕು. ಒಪ್ಪಬೇಕಾಗಿಲ್ಲ, ಕೇಳಬೇಕು ಅಷ್ಟೆ. ಆ ‘ಅಷ್ಟೆ’ ಎಷ್ಟೆಂದು ನನಗೆ ಗೊತ್ತು.

ನಿಮ್ಮ ಕಾಲದ ಜಗಳಗಳನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಎಲ್ಲೋ ಆಸ್ಪತ್ರೆಯಲ್ಲಿ ಮಲಗಿದವನ ಸುದ್ದಿಯ ಕೆಳಗೆ, ಅವನ ಮುಖವನ್ನೇ ಕಾಣದವರು ಅವನ ಹೆಂಡತಿಯನ್ನು ಕೊಲೆಗಾತಿ ಎಂದು ಬರೆಯುತ್ತಿದ್ದರು. ಉಳಿದದ್ದನ್ನು ನಾನು ಬರೆಯಲಾರೆ. ಅದನ್ನು ಓದಿ ಹೇಸಿದ ನಮ್ಮ ಅಜ್ಜಂದಿರು ಕಟ್ಟೆ ಕಟ್ಟಿ ಗಂಟೆ ತೂಗಿಹಾಕಿದರು. ಬಾಯಲ್ಲಿ ಬೈಗುಳ ಬಂದರೆ ಗಂಟೆ. ಗಂಟೆ ಬಿದ್ದವರು ಮೂರು ವರ್ಷ ಕಟ್ಟೆಗೆ ಬರುವಂತಿಲ್ಲ. ನಮ್ಮ ಓಣಿಯ ಗಂಟೆ ಹತ್ತೊಂಬತ್ತು ವರ್ಷದಿಂದ ನನ್ನ ಕೈಯಲ್ಲಿದೆ. ಎಲ್ಲರೂ ‘ರೀ’ ಹಚ್ಚಿಯೇ ಮಾತಾಡುತ್ತಾರೆ. ಅದು ನನ್ನಿಂದಲೇ ಆಯಿತೆಂದು ಹೆಮ್ಮೆಪಟ್ಟವಳು ನಾನು, ಸುಳ್ಳು ಹೇಳುವುದಿಲ್ಲ.

ತಡೆಯಿರಿ, ತಂಗಿಯ ಮಗ್ಗಲು ಬದಲಿಸುವ ಹೊತ್ತು. ಬೆನ್ನು ಒರೆಸಿ, ಪುಡಿ ಹಚ್ಚಿ ಬಂದೆ. ಎಲ್ಲಿದ್ದೆ?

ನಾಲ್ಕು ವರ್ಷದ ಹಿಂದೆ ರೊಟ್ಟಿ ಮಾರುವ ಚೆನ್ನವ್ವ ತನ್ನ ಗಂಡನ ಸಲುವಾಗಿ ಕಟ್ಟೆ ಹತ್ತಿದಳು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಓಣಿಯ ಹಿರಿಯ ಮಾಸ್ತರರು ಎದ್ದು, ಕೈ ಮುಗಿದು, ಬೆಣ್ಣೆಯಂಥ ದನಿಯಲ್ಲಿ ಅಂದರು: “ತಾಯೀ, ತಾವು ಹದಿನೆಂಟು ದಿನ ಕಾದೀರಿ. ದೊಡ್ಡ ಮನಸ್ಸು ತಮ್ಮದು. ನಮ್ಮ ಎಮ್ಮಿ ಬಿದ್ದಾಗ ನಾವು ಒಂದು ತಿಂಗಳು ಕಾದಿದ್ವಿ ನೋಡ್ರಿ.” ಒಂದೂ ಕೆಟ್ಟ ಮಾತಿಲ್ಲ. ಜನ ತಲೆದೂಗಿದರು. ನಾನು ಗಂಟೆ ಮುಟ್ಟಲಿಲ್ಲ. ಆಗ ಹಿಂದೆ ಕೂತಿದ್ದ ಹಮಾಲ ದ್ಯಾಮಣ್ಣ ಎದ್ದು ಕೂಗಿದ: “ಬಾಯಿ ಮುಚ್ಚಲೇ ಹಲ್ಕಟ್ ಮಾಸ್ತರ! ಆಕೀ ಗಂಡನ ಕುಂಡಿ ಒಂದ್ ದಿನಾರ ತೊಳದೀಯೇನ್ ನೀ?”

ಬಾರಿಸಿದೆ. ಇಡೀ ತಾಸಿನಲ್ಲಿ ಅವಳ ಪರವಾಗಿ ಬಂದದ್ದು ಅದೊಂದೇ ಮಾತು, ಆ ಮಾತಿಗೇ ಬಾರಿಸಿದೆ.

ಚೆನ್ನವ್ವ ಸೆರಗು ಹೊದ್ದು ಮನೆಗೆ ಹೋದಳು. ಮಂಚ ನಿಲ್ಲಿಸುವ ಧೈರ್ಯ ಅವಳಿಗೆ ಬರಲಿಲ್ಲ. ಗಂಡ ಇನ್ನೂ ಹನ್ನೊಂದು ತಿಂಗಳು, ಬೆನ್ನೆಲ್ಲ ಹುಣ್ಣಾಗಿ, ಮಲಗಿಯೇ ಸತ್ತ. ಮೂರು ವರ್ಷ ಮುಗಿದರೂ ದ್ಯಾಮಣ್ಣ ಮತ್ತೆ ಕಟ್ಟೆಗೆ ಕಾಲಿಡಲಿಲ್ಲ. ಇಬ್ಬರಲ್ಲಿ ಯಾರು ಎದುರಾದರೂ ನಾನು ಬೇರೆ ಓಣಿ ಹಿಡಿಯುತ್ತಿದ್ದೆ.

ಈಗ ನನ್ನ ಸರದಿ, ಮಾಡಿದ್ದುಣ್ಣೋ ಮಹಾರಾಯ. ನಾಳೆ ಗಂಟೆ ಪಕ್ಕದ ಓಣಿಯವರ ಕೈಯಲ್ಲಿರುತ್ತದೆ. ನಿನ್ನೆ ಮಾಸ್ತರರು ಬಾಗಿಲಿಗೇ ಬಂದು, ಎರಡು ಮಾತಾಡಲು ನನ್ನ ಅಪ್ಪಣೆ ಕೇಳಿ ಹೋದರು. ಎಷ್ಟು ವಿನಯ! ಮೈಯೆಲ್ಲ ಉರಿಯಿತು. ಹೆದರಿಕೆಯೂ ಆಯಿತು, ಅವರ ನಯಕ್ಕೆ ಸೋತು ತಂಗಿಗೆ ಕೊಟ್ಟ ಮಾತು ಮುರಿದೇನೆಂಬ ಹೆದರಿಕೆ. ತಡೆಯಲಾರದೆ ಇವತ್ತು ಬೆಳಿಗ್ಗೆ ಚೆನ್ನವ್ವನ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಪ್ಪಾಯಿತು ಅನ್ನಲು ನನಗೆ ಬಾಯೇ ಬರಲಿಲ್ಲ. ಅವಳೇ ಕೇಳಿದಳು, “ಮಗ್ಗಲಾ ಯಾರು ಬದಲಿಸ್ತಾರ?”

“ನಾನಽ” ಅಂದೆ.

ರೊಟ್ಟಿ ತಿರುವಿ ಹಾಕಿ, ನನ್ನ ಮುಖ ನೋಡದೆ ಅಂದಳು: “ನಾಳೆ ಬರ್ತೀನಿ. ಮಾತಾಡಾಕಲ್ಲ, ಆ ಮಾಸ್ತರಗ ಬೈಯಾಕ. ಗಂಟಿ ಬಾರಿಸಿದ್ರ ಬಾರಿಸ್ಲಿ.”

ಹಿರಿಯರೇ, ನನ್ನದೊಂದೇ ಬೇಡಿಕೆ. ಬೈದವರೆಲ್ಲ ದ್ಯಾಮಣ್ಣನಲ್ಲ, ನಿಮ್ಮ ಬೈಗುಳಕ್ಕೆ ಎಷ್ಟು ಹೆಂಗಸರು ಬಾಗಿಲು ಹಾಕಿಕೊಂಡು ಕೂತರೆಂದೂ ಓದಿದ್ದೇನೆ. ಆದರೆ ಇವತ್ತೂ ನಿಮ್ಮೂರಲ್ಲಿ ಯಾವಳೋ ಒಬ್ಬಳು ಹಾಸಿಗೆ ಪಕ್ಕ ಕೂತಿರುತ್ತಾಳೆ. ಯಾರೋ ಅವಳಿಗೆ ಬಲು ನಯವಾಗಿ ಬುದ್ಧಿ ಹೇಳುತ್ತಿರುತ್ತಾರೆ. ನಿಮ್ಮಲ್ಲಿ ಬೈಗುಳಕ್ಕೆ ಬರವಿಲ್ಲ, ಗಂಟೆಯಂತೂ ಇಲ್ಲವೇ ಇಲ್ಲ. ಅವಳ ಪರವಾಗಿ ಒಂದು ಬೈಗುಳ ಆಡಿಬಿಡಿ. ಆಮೇಲೆ ಒಳಗೆ ಹೋಗಿ, ಮಗ್ಗಲು ಬದಲಿಸಲು ಕೈ ಜೋಡಿಸಿ.

ನನ್ನ ತಂಗಿಯ ಹೊತ್ತು ಮತ್ತೆ ಆಯಿತು. ಏಳುತ್ತೇನೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ನೀಲಗಂಗಾ